ಹುಟ್ಟು, ವೃತ್ತಿ ಮತ್ತು ಒಂದು ಆಟದ ನಿಯಮಗಳು

ಚರಿತ್ರೆ ಬರೆಯುವವರು ಶಾಸನ, ಕಡತ, ಕೈಫಿಯತ್ತುಗಳನ್ನು ಹುಡುಕುತ್ತಾರೆ. ಆಟದ ನಿಯಮಪುಸ್ತಕವನ್ನು ದಾಖಲೆಯೆಂದು ಎಣಿಸುವವರು ಕಡಿಮೆ. ಆದರೆ ಒಂದು ಸಮಾಜ ಮನುಷ್ಯರನ್ನು ಹೇಗೆ ವಿಂಗಡಿಸುತ್ತದೆ ಎಂಬುದಕ್ಕೆ ಅದೂ ಸಾಕ್ಷಿಯೇ. ಅಮೆರಿಕದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟದ 50 ವರ್ಷಗಳ ಆವೃತ್ತಿಗಳನ್ನು ಒಂದೇ ಪ್ರಶ್ನೆಯಿಟ್ಟುಕೊಂಡು ಇಲ್ಲಿ ಹೋಲಿಸಿ ನೋಡುತ್ತೇನೆ. ಹುಟ್ಟು ಒಬ್ಬನನ್ನು ಎಷ್ಟರಮಟ್ಟಿಗೆ ಕಟ್ಟಿಹಾಕುತ್ತದೆ?

ಆಟದ ಸ್ವರೂಪ ನಮಗೆ ಅಪರಿಚಿತವಲ್ಲ. ನಾಲ್ಕೈದು ಮಂದಿ ಮೇಜಿನ ಸುತ್ತ ಕೂತು, ವೇಷವಿಲ್ಲದೆ, ತಮ್ಮ ತಮ್ಮ ಪಾತ್ರದ ಮಾತನ್ನು ಸ್ಥಳದಲ್ಲೇ ಕಟ್ಟುತ್ತಾರೆ. ನಮ್ಮ ತಾಳಮದ್ದಳೆಯ ಅರ್ಥಧಾರಿಗೆ ಇದು ಕೂಡಲೇ ತಿಳಿದೀತು. ವ್ಯತ್ಯಾಸವೆಂದರೆ, ಅಲ್ಲಿ ಪ್ರಸಂಗದ ಪದ್ಯವಿಲ್ಲ. ಕಥೆ ನಡೆಸುವವನೊಬ್ಬನಿರುತ್ತಾನೆ, ಸೋಲು ಗೆಲುವನ್ನು ದಾಳ ನಿರ್ಧರಿಸುತ್ತದೆ. ಪ್ರತಿ ಪಾತ್ರಕ್ಕೂ ಒಂದು ಕುಲ, ಒಂದು ವೃತ್ತಿ, ಮತ್ತು ಅನುಭವದಿಂದ ಏರುವ ಹಂತಗಳು ಇರುತ್ತವೆ.

ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರಚಿಸಿದ ಮೊದಲ ಆವೃತ್ತಿ 1974ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಊರಿನಿಂದ ಹೊರಬಂತು. ಪೆಟ್ಟಿಗೆಯೊಳಗೆ ಮೂರು ಸಣ್ಣ ಪುಸ್ತಿಕೆಗಳು. ಮೊದಲ ಮುದ್ರಣ 1000 ಪ್ರತಿ. ವೃತ್ತಿಗಳು ಮೂರೇ: ಯೋಧ, ಮಂತ್ರವಾದಿ, ಪುರೋಹಿತ. ಮನುಷ್ಯನಿಗೆ ಮೂರೂ ತೆರೆದಿದ್ದವು, ಮೇಲೇರಲು ಮಿತಿಯಿರಲಿಲ್ಲ. ಕುಳ್ಳರ ಕುಲದವನು ಯೋಧನಾಗಬಹುದಿತ್ತು ಅಷ್ಟೇ, ಅದೂ 6ನೇ ಹಂತದವರೆಗೆ. ಹಾಬಿಟ್‌ಗೆ 4ನೇ ಹಂತವೇ ಕೊನೆ.

1978ರ 'ಅಡ್ವಾನ್ಸ್ಡ್' ಆವೃತ್ತಿಯ ಆಟಗಾರರ ಕೈಪಿಡಿಯಲ್ಲಿ ಈ ಕಟ್ಟಳೆ ದೊಡ್ಡ ಕೋಷ್ಟಕವಾಗಿ ಬೆಳೆಯಿತು. ಕುಳ್ಳ, ಎಲ್ಫ್, ಹಾಫ್ಲಿಂಗ್ ಕುಲದವರಿಗೆ ಮಿತಿಯಿಲ್ಲದೆ ಏರಲು ಬಿಟ್ಟ ವೃತ್ತಿ ಒಂದೇ: ಕಳ್ಳನದು. ಅರ್ಧ-ಓರ್ಕನಿಗೆ, ಅಂದರೆ ಮನುಷ್ಯ ಮತ್ತು ಓರ್ಕರ ಬೆರಕೆಯ ಸಂತಾನಕ್ಕೆ, ಹಾಗೆ ಬಿಟ್ಟದ್ದು ಕೊಲೆಗಡುಕನ ವೃತ್ತಿ ಮಾತ್ರ. ಮಾನವ ಸ್ತ್ರೀಯ ದೇಹಬಲಕ್ಕೂ ಪುರುಷನಿಗಿಂತ ಕೆಳಗಿನ ಮಿತಿಯನ್ನು ಅದೇ ಪುಸ್ತಕ ಹಾಕಿತು. 1979ರ ಸಂಚಾಲಕರ ಕೈಪಿಡಿಯಲ್ಲಿ ಗೈಗ್ಯಾಕ್ಸ್ ಈ ಕಲ್ಪಿತ ಲೋಕ ಮನುಷ್ಯಕೇಂದ್ರಿತವಾಗಿರಬೇಕೆಂದು ವಾದಿಸಿದ. ಉಳಿದವರಿಗೆ ಹುಟ್ಟಿನಿಂದಲೇ ವಿಶೇಷ ಶಕ್ತಿಗಳಿರುವುದರಿಂದ, ಮಿತಿಯಿಲ್ಲದಿದ್ದರೆ ಮನುಷ್ಯನ ಪಾತ್ರವನ್ನು ಯಾರೂ ಆರಿಸಲಿಕ್ಕಿಲ್ಲ ಎಂಬುದು ಇದರ ಹಿಂದಿನ ಲೆಕ್ಕಾಚಾರ. ಆಟದ ತೂಕಕ್ಕಾಗಿ ಎಂದು ಹೇಳಿದರೂ, ತೂಗುವ ತಕ್ಕಡಿ ಯಾರ ಕೈಯಲ್ಲಿತ್ತು ಎಂಬುದು ಸ್ಪಷ್ಟವೇ ಇದೆ.

1981ರ 'ಬೇಸಿಕ್' ಪೆಟ್ಟಿಗೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅದರಲ್ಲಿ 'ಕುಳ್ಳ', 'ಎಲ್ಫ್' ಎಂಬವೇ ವೃತ್ತಿಯ ಹೆಸರುಗಳು. ಮನುಷ್ಯ ಮಾತ್ರ ಯೋಧನೋ ಕಳ್ಳನೋ ಪುರೋಹಿತನೋ ಆಗಬಲ್ಲ; ಉಳಿದವರು ಹುಟ್ಟಿದ್ದೇ ಆಗುತ್ತಾರೆ. ಹುಟ್ಟೇ ಕಸುಬು ಎಂಬ ಈ ಸೂತ್ರವನ್ನು ನಮ್ಮ ದೇಶದವರಿಗೆ ಯಾರೂ ವಿವರಿಸಿ ಹೇಳಬೇಕಾಗಿಲ್ಲ.

1989ರ ಎರಡನೇ ಆವೃತ್ತಿ ಸ್ತ್ರೀಯರ ಮೇಲಿನ ಮಿತಿಯನ್ನು ಕೈಬಿಟ್ಟಿತು. ಕುಲದ ಮಿತಿಯ ಅಂಕಿಗಳು ಏರಿದವೇ ಹೊರತು ಮಿತಿ ಹೋಗಲಿಲ್ಲ. 1997ರಲ್ಲಿ ಮೂಲ ಕಂಪೆನಿಯನ್ನು ವಿಝಾರ್ಡ್ಸ್ ಆಫ್ ದ ಕೋಸ್ಟ್ ಕೊಂಡಿತು. ಅದು 2000ದಲ್ಲಿ ಪ್ರಕಟಿಸಿದ ಮೂರನೇ ಆವೃತ್ತಿಯಲ್ಲಿ ನಿಜವಾದ ತಿರುವು ಕಾಣುತ್ತದೆ: ಯಾವ ಕುಲದವನೂ ಯಾವ ವೃತ್ತಿಯನ್ನೂ ಹಿಡಿದು ತುದಿಯವರೆಗೆ ಏರಬಹುದು. ಮನುಷ್ಯನ ಆಕರ್ಷಣೆ ಉಳಿಯಲು ಬೇರೆಯವರನ್ನು ತಡೆಯುವ ಬದಲು ಅವನಿಗೇ ಒಂದು ಹೆಚ್ಚಿನ ಕೌಶಲ ಕೊಟ್ಟರು. ಅದೇ ಆಟ, ಅದೇ ತೂಕ. ಬೇಲಿ ಕಟ್ಟದೆಯೂ ಅದು ಸಾಧ್ಯವಿತ್ತು! ಹೀಗಿದ್ದೂ ಅರ್ಧ-ಓರ್ಕನ ಬುದ್ಧಿಶಕ್ತಿಯಿಂದ ಹುಟ್ಟಿನ ಕಾರಣಕ್ಕೇ 2 ಅಂಕ ಕಳೆಯುವ ನಿಯಮ ಅಲ್ಲಿತ್ತು. ಇಂಥ ಕಡಿತಗಳು 2008ರ ನಾಲ್ಕನೇ ಆವೃತ್ತಿಯ ಕೈಪಿಡಿಯಲ್ಲಿ ಹೋದವು. 2014ರ ಐದನೇ ಆವೃತ್ತಿಯಲ್ಲಿ ಕುಲಕ್ಕೆ ತಕ್ಕ ಹೆಚ್ಚಳ ಮಾತ್ರ ಉಳಿಯಿತು. 2020ರಲ್ಲಿ ಬಂದ ಪೂರಕ ಪುಸ್ತಕ ಆ ಹೆಚ್ಚಳವನ್ನೂ ಬೇಕಾದ ಗುಣಕ್ಕೆ ಸೇರಿಸಿಕೊಳ್ಳಲು ಬಿಟ್ಟಿತು.

2024ರ ಪರಿಷ್ಕೃತ ಕೈಪಿಡಿ 'ರೇಸ್' ಎಂಬ ಪದವನ್ನೇ ತೆಗೆದು 'ಸ್ಪೀಶೀಸ್' ಎಂದಿತು. ಗುಣಗಳ ಹೆಚ್ಚಳ ಈಗ ಕುಲದಿಂದಲ್ಲ, ಪಾತ್ರದ ಹಿಂದಿನ ಬದುಕಿನಿಂದ ಬರುತ್ತದೆ. ಆದರೆ ಕೋಷ್ಟಕವನ್ನು ಸ್ವಲ್ಪ ನಿಧಾನವಾಗಿ ಓದಬೇಕು. ಕುಲೀನನಾಗಿ ಬೆಳೆದವನಿಗೆ ಬಲ, ಬುದ್ಧಿ, ವರ್ಚಸ್ಸು ಹೆಚ್ಚಬಹುದು. ಬೇಸಾಯಗಾರನಾಗಿ ಬೆಳೆದವನಿಗೆ ಬಲ, ದೇಹದಾರ್ಢ್ಯ, ವಿವೇಕ; ಬುದ್ಧಿಯೂ ಇಲ್ಲ, ವರ್ಚಸ್ಸೂ ಇಲ್ಲ. ಸಂಚಾಲಕನು ಹೊಸ ಹಿನ್ನೆಲೆಗಳನ್ನು ರೂಪಿಸಬಹುದು ನಿಜ. ಆದರೂ ಅಚ್ಚಾದ ಕೋಷ್ಟಕದಲ್ಲಿ ಹುಟ್ಟಿನ ಅಂಕಣದಿಂದ ಅಳಿಸಿದ್ದು ಮನೆತನದ ಅಂಕಣದಲ್ಲಿ ಮತ್ತೆ ಕಾಣಿಸಿಕೊಂಡಿದೆ ಎಂದೇ ನನ್ನ ಅನಿಸಿಕೆ.

ಅದೇ ಕೈಪಿಡಿಯ ಇನ್ನೊಂದು ಬದಲಾವಣೆ ಗಡಿನಾಡಿನವರಾದ ನಮ್ಮನ್ನು ತಟ್ಟಬೇಕು. 1978ರಿಂದ ಆಟಗಾರರಿಗೆ ಪರಿಚಿತವಾಗಿದ್ದ ಅರ್ಧ-ಎಲ್ಫ್ ಮತ್ತು ಅರ್ಧ-ಓರ್ಕ ಅದರ 10 ಕುಲಗಳ ಪಟ್ಟಿಯಲ್ಲಿಲ್ಲ. ಓರ್ಕನಿಗೆ ಪೂರ್ಣ ಸ್ಥಾನ ಸಿಕ್ಕಿದೆ, ಎಲ್ಫ್ ಹಾಗೆಯೇ ಇದೆ; ಎರಡು ಮನೆಯ ಮಗುವಿಗೆ ಮಾತ್ರ ಅಂಕಣವಿಲ್ಲ. ಹಳೆಯ ಪುಸ್ತಕದ ಪಾತ್ರವನ್ನು ಬಳಸಲು ಅನುಮತಿಯಿದೆ, ಹೊಸ ಪಟ್ಟಿಯಲ್ಲಿ ಹೆಸರಿಲ್ಲ. 'ಅರ್ಧ' ಎಂಬ ಪದ ನೋಯಿಸುತ್ತದೆ ಎಂಬುದು ಸರಿಯೇ. ಪದ ಬದಲಿಸಬಹುದಿತ್ತು, ಮಗುವನ್ನು ಉಳಿಸಿಕೊಳ್ಳಬಹುದಿತ್ತು.

ಶಾಲೆಯ ದಾಖಲಾತಿ ಪುಸ್ತಕವನ್ನು ಬಹಳ ವರ್ಷ ತುಂಬಿಸಿದ ಮೇಷ್ಟರು ನಾನು. ತಾಯಿಯೊಡನೆ ತುಳು, ಅಂಗಡಿಯಲ್ಲಿ ಮಲಯಾಳ, ಪಾಠಕ್ಕೆ ಕನ್ನಡ ಆಡುವ ಮಗುವಿನ ಎದುರು 'ಮಾತೃಭಾಷೆ' ಎಂಬ ಒಂದೇ ಅಂಕಣದಲ್ಲಿ ಒಂದೇ ಪದ ಬರೆದಿದ್ದೇನೆ. ನಮ್ಮ ಜನಗಣತಿಯೂ ಮಾತೃಭಾಷೆ ಒಂದನ್ನೇ ಕೇಳುತ್ತದೆ. ಬಲ್ಲ ಇತರ ಭಾಷೆಗಳಿಗೆ ಎರಡು ಸ್ಥಾನ ಕೊಡುತ್ತದೆ. ಇಂಥ ಅಂಕಣಗಳ ಮೇಲೆಯೇ ಕನ್ನಡ ಶಾಲೆಗಳ, ಕನ್ನಡ ಅರ್ಜಿಗಳ ಹಕ್ಕು ನಿಂತಿದೆ. ಆದ್ದರಿಂದ ಅಲ್ಲಿ ಕನ್ನಡ ಎಂದು ಬರೆಸಲೇಬೇಕು. ಆದರೆ ಆ ಮಗುವಿನ ತುಳುವಿಗೂ ಮಲಯಾಳಕ್ಕೂ ಜಾಗವಿರಬೇಕೆಂದು ಕೇಳುವ ಹಕ್ಕೂ ನಮಗಿದೆ. ಆಟದ ಕೋಷ್ಟಕವನ್ನು 50 ವರ್ಷಗಳಲ್ಲಿ ಇಷ್ಟು ಸಲ ತಿದ್ದಿ ಬರೆಯಲು ಸಾಧ್ಯವಾದರೆ, ನಮ್ಮ ಕೋಷ್ಟಕಗಳನ್ನೂ ತಿದ್ದಬಹುದು.