ಜೀವಜಗತ್ತಿನ ಅಧ್ಯಯನ: ನಮ್ಮ ಪರಂಪರೆ ಮತ್ತು ನಮ್ಮ ಮಕ್ಕಳು

ಪಿಯುಸಿ ಫಲಿತಾಂಶ ಪ್ರಕಟವಾಗುವ ದಿನಗಳಲ್ಲಿ ನಮ್ಮ ಮನೆಗಳಲ್ಲಿ ಕೇಳಿಬರುವ ಹೆಸರುಗಳು ಮೂರೇ: ವೈದ್ಯಕೀಯ, ಇಂಜಿನಿಯರಿಂಗ್, ವಾಣಿಜ್ಯ. ಇವುಗಳ ನಡುವೆ ಮಗನೋ ಮಗಳೋ ಬಿ.ಎಸ್ಸಿ.ಯಲ್ಲಿ ಪರಿಸರ ವಿಜ್ಞಾನವನ್ನೂ ಜೀವವಿಕಾಸವನ್ನೂ ಕಲಿಯುತ್ತೇನೆಂದರೆ ಹೆತ್ತವರಲ್ಲಿ ಎರಡು ಆತಂಕಗಳು ಮೂಡುತ್ತವೆ. ಜೀವನೋಪಾಯದ ಆತಂಕ ಒಂದು. ಈಮಾನಿಗೆ ಕುಂದಾದೀತೆಂಬ ಆತಂಕ ಇನ್ನೊಂದು. ಇವೆರಡೂ ಅಲಕ್ಷಿಸತಕ್ಕವಲ್ಲ. ಆದರೆ ಬೇಡವೆನ್ನುವ ಮೊದಲು ನಾವು ನಮ್ಮ ಇತಿಹಾಸದ ಪುಟಗಳನ್ನು ತಿರುವಿ ನೋಡುವುದು ಒಳಿತು.

ಪವಿತ್ರ ಕುರ್‌ಆನಿನಲ್ಲಿ ಜೇನ್ನೊಣ, ಇರುವೆ ಮತ್ತು ಜೇಡನ ಹೆಸರಿನ ಅಧ್ಯಾಯಗಳಿವೆ. ಒಂಟೆಯ ಸೃಷ್ಟಿಯನ್ನು ಗಮನಿಸಿ ನೋಡುವಂತೆ ಅಲ್ ಗಾಶಿಯಃ ಅಧ್ಯಾಯವು ಮನುಷ್ಯನನ್ನು ಪ್ರೇರೇಪಿಸುತ್ತದೆ. ಪ್ರಾಣಿಗಳೂ ಪಕ್ಷಿಗಳೂ ನಮ್ಮಂತೆಯೇ ಸಮುದಾಯಗಳೆಂಬ ಅರಿವನ್ನು ಅಲ್ ಅನ್‌ಆಮ್ ಅಧ್ಯಾಯದ 38ನೇ ವಚನವು ನೀಡುತ್ತದೆ.

ಈ ಪ್ರೇರಣೆಯನ್ನು ಗ್ರಂಥರೂಪಕ್ಕೆ ತಂದವರಲ್ಲಿ ಬಸ್ರಾದ ಅಲ್ ಜಾಹಿಝ್ ಪ್ರಮುಖರು. ಬಡ ಕುಟುಂಬದಲ್ಲಿ ಜನಿಸಿದ ಅವರು ಪುಸ್ತಕದಂಗಡಿಗಳನ್ನು ಬಾಡಿಗೆಗೆ ಪಡೆದು ರಾತ್ರಿಯಿಡೀ ಓದುತ್ತಿದ್ದರೆಂದು ಇತಿಹಾಸಕಾರರು ದಾಖಲಿಸಿದ್ದಾರೆ. ಒಂಬತ್ತನೇ ಶತಮಾನದಲ್ಲಿ ಅವರು ರಚಿಸಿದ 'ಕಿತಾಬುಲ್ ಹಯವಾನ್' ಜೀವಿಗಳ ಸ್ವಭಾವ, ವಾಸಸ್ಥಾನ ಹಾಗೂ ಒಂದು ಜೀವಿ ಮತ್ತೊಂದಕ್ಕೆ ಆಹಾರವಾಗುವ ಬಗೆಯನ್ನು ವಿವರಿಸುತ್ತದೆ. ಎರಡು ತಲೆಯ ಹಾವಿದೆಯೆಂಬ ಮಾತನ್ನು ಅವರು ಅರಿಸ್ಟಾಟಲನ ಹೆಸರಿದೆಯೆಂಬ ಕಾರಣಕ್ಕೆ ಒಪ್ಪಿಕೊಳ್ಳಲಿಲ್ಲ. ಅದನ್ನು ಕಂಡಿರುವೆನೆಂದ ಮರುಭೂಮಿಯ ಅರಬನೊಬ್ಬನನ್ನು ಅದು ಹೇಗೆ ಚಲಿಸುತ್ತದೆ, ಯಾವ ಬಾಯಿಯಿಂದ ತಿನ್ನುತ್ತದೆ ಎಂದು ಪ್ರಶ್ನಿಸಿದರು. ಬೆಳಿಗ್ಗೆ ಒಂದು ಬಾಯಿಂದ, ಸಂಜೆ ಇನ್ನೊಂದರಿಂದ ಎಂಬ ಉತ್ತರ ಕೇಳಿ ಅವನು ಸುಳ್ಳುಗಾರನೆಂದು ತೀರ್ಮಾನಿಸಿದರು.

ಡಾರ್ವಿನ್‌ಗಿಂತ ಸಾವಿರ ವರ್ಷ ಮೊದಲೇ ಜಾಹಿಝ್ ವಿಕಾಸವಾದವನ್ನು ಕಂಡುಹಿಡಿದರೆಂದು ನಮ್ಮಲ್ಲಿ ಕೆಲವರು ಹೆಮ್ಮೆಯಿಂದ ಹೇಳುವುದುಂಟು. ಇದು ಅತಿಶಯೋಕ್ತಿ. ಡಾರ್ವಿನ್ 1859ರಲ್ಲಿ ಮಂಡಿಸಿದ ಸಿದ್ಧಾಂತ ಅವರ ಗ್ರಂಥದಲ್ಲಿಲ್ಲ. ಸತ್ಯಕ್ಕಿಂತ ಹೆಚ್ಚಿನ ಹೊಗಳಿಕೆ ಜಾಹಿಝ್‌ರಿಗೆ ಬೇಕಾಗಿಯೂ ಇಲ್ಲ. ಕೇಳಿದ್ದನ್ನೆಲ್ಲ ನಂಬದೆ ಪರೀಕ್ಷಿಸಿದ ಅವರ ಸ್ವಭಾವವೇ ನಮಗೆ ದೊರೆತ ನಿಜವಾದ ಆಸ್ತಿ.

ಡಾರ್ವಿನ್‌ನ ವಾದವು ಅರಬ್ ಜಗತ್ತನ್ನು ತಲುಪಿದಾಗ ಉಲಮಾಗಳಲ್ಲಿ ಬಲವಾದ ವಿರೋಧ ವ್ಯಕ್ತವಾಯಿತು. ಆದರೆ ಎಲ್ಲರ ಉತ್ತರವೂ ಒಂದೇ ಆಗಿರಲಿಲ್ಲ. ಇಂದಿನ ಲೆಬನಾನಿನ ಟ್ರಿಪೊಲಿಯ ವಿದ್ವಾಂಸ ಹುಸೈನ್ ಅಲ್ ಜಿಸ್ರ್, 19ನೇ ಶತಮಾನದ ಕೊನೆಯಲ್ಲಿ ಬರೆದ 'ಅರ್ರಿಸಾಲತುಲ್ ಹಮೀದಿಯ್ಯಃ' ಎಂಬ ಗ್ರಂಥದಲ್ಲಿ ಸೃಷ್ಟಿಕರ್ತನನ್ನು ನಿರಾಕರಿಸುವ ಭೌತವಾದವನ್ನು ಖಂಡಿಸಿದರು. ಜೊತೆಗೆ, ಜೀವವಿಕಾಸವು ಖಚಿತ ಪುರಾವೆಗಳಿಂದ ಸಿದ್ಧವಾದರೆ ಅದನ್ನೂ ಅಲ್ಲಾಹನ ಸೃಷ್ಟಿಕ್ರಮವೆಂದು ಗ್ರಹಿಸಲು ಅವಕಾಶವಿದೆಯೆಂದರು. ಆದಮರ(ಅ) ಸೃಷ್ಟಿಯ ವಿಷಯದಲ್ಲಿ ವಿದ್ವಾಂಸರ ಚರ್ಚೆ ಇಂದಿಗೂ ನಡೆದಿದೆ. ಆದ್ದರಿಂದ ನಮ್ಮ ಮಕ್ಕಳು ಈ ಪ್ರಶ್ನೆಯಿಂದ ಓಡಿಹೋಗಬೇಕಾಗಿಲ್ಲ. ತರಗತಿಯಲ್ಲಿ ವಿಜ್ಞಾನವನ್ನು ಶ್ರದ್ಧೆಯಿಂದ ಕಲಿಯಲಿ. ಸಂದೇಹ ಮೂಡಿದಾಗ ಬಲ್ಲ ವಿದ್ವಾಂಸರ ಬಳಿ ಕುಳಿತು ಕೇಳಲಿ.

ಇನ್ನು ಜೀವನೋಪಾಯದ ಮಾತು. 1896ರಲ್ಲಿ ಮುಂಬಯಿಯ ಸುಲೈಮಾನಿ ಬೊಹ್ರಾ ಕುಟುಂಬದಲ್ಲಿ ಜನಿಸಿದ ಸಾಲಿಂ ಅಲಿ, ಬಾಲ್ಯದಲ್ಲೇ ತಂದೆತಾಯಿಯನ್ನು ಕಳೆದುಕೊಂಡು ಸೋದರಮಾವನ ಆಶ್ರಯದಲ್ಲಿ ಬೆಳೆದರು. ತಾನು ಹೊಡೆದುರುಳಿಸಿದ ಗುಬ್ಬಚ್ಚಿಯ ಕೊರಳಿನಲ್ಲಿ ಹಳದಿ ಮಚ್ಚೆ ಕಂಡ ಬಾಲಕ, ಅದು ಯಾವ ಹಕ್ಕಿಯೆಂದು ಕೇಳುತ್ತಾ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಬಾಗಿಲಿಗೆ ಹೋದನು. ಮುಂದೆ ಅವರು ಪ್ರಾಣಿಶಾಸ್ತ್ರವನ್ನು ಕಲಿತರೂ ವಿಶ್ವವಿದ್ಯಾಲಯದ ಪದವಿ ಇಲ್ಲದ ಕಾರಣ ಸರಕಾರಿ ಪ್ರಾಣಿಶಾಸ್ತ್ರಜ್ಞರ ಹುದ್ದೆ ಕೈತಪ್ಪಿತು. 1930ರಲ್ಲಿ ನಿರುದ್ಯೋಗಿಯಾಗಿ ಕಿಹೀಮ್ ಎಂಬ ಕಡಲತೀರದ ಹಳ್ಳಿಯಲ್ಲಿ ನೆಲೆಸಿದ್ದಾಗಲೇ ಗೀಜಗನ ಗೂಡುಗಳನ್ನು ತಿಂಗಳುಗಟ್ಟಲೆ ಗಮನಿಸಿ ಅವರು ಹೆಸರು ಪಡೆದರು. ಮೈಸೂರು ಸಂಸ್ಥಾನದ ಪಕ್ಷಿಗಳ ಸಮೀಕ್ಷೆಯನ್ನೂ ನಡೆಸಿದರು. ನಾವು ಮಕ್ಕಳೊಂದಿಗೆ ದೋಣಿಯಲ್ಲಿ ವಿಹರಿಸುವ ರಂಗನತಿಟ್ಟು, 1940ರಲ್ಲಿ ಪಕ್ಷಿಧಾಮವಾದದ್ದು ಅವರ ಸಲಹೆಯಿಂದಲೇ. 1976ರಲ್ಲಿ ಅವರಿಗೆ ಪದ್ಮವಿಭೂಷಣ ಸಂದಿತು.

ಅಂದು ಅವರಿಗೆ ದೊರೆಯದ ಪದವಿಯ ದಾರಿ ಇಂದು ನಮ್ಮ ಮಕ್ಕಳ ಮುಂದೆ ತೆರೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು 2011ರಿಂದ ನಾಲ್ಕು ವರ್ಷಗಳ ಪದವಿ ಶಿಕ್ಷಣ ನೀಡುತ್ತಿದೆ. ಜೀವಶಾಸ್ತ್ರವನ್ನು ಮುಖ್ಯ ವಿಷಯವಾಗಿ ಆರಿಸಿಕೊಳ್ಳಲು ಅಲ್ಲಿ ಅವಕಾಶವಿದೆ. ಪರಿಸರ ವಿಜ್ಞಾನದ ಪ್ರತ್ಯೇಕ ಸಂಶೋಧನಾ ಕೇಂದ್ರವೂ ಅಲ್ಲಿದೆ. ವೈದ್ಯಕೀಯದಷ್ಟು ಬೇಗ ಈ ದಾರಿ ಫಲ ಕೊಡದು ಎಂಬುದನ್ನು ಮಕ್ಕಳಿಗೆ ಮುಚ್ಚಿಡದೆ ತಿಳಿಸೋಣ. ಆದರೆ ಭೂಮಿಯ ಖಲೀಫನಾಗಿರುವ ಮನುಷ್ಯನಿಗೆ ತನ್ನ ವಶಕ್ಕೆ ಒಪ್ಪಿಸಲಾದ ಅಮಾನತ್ತಿನ ಪರಿಚಯವಿಲ್ಲದಿದ್ದರೆ ಅದನ್ನು ಕಾಯುವುದಾದರೂ ಹೇಗೆ?

ನಾಳೆ ನಮ್ಮ ಮಗಳು ಹಿತ್ತಲಿನ ಹಕ್ಕಿಯನ್ನು ತೋರಿಸಿ ಹೆಸರು ಕೇಳಿದರೆ, ಗೊತ್ತಿಲ್ಲವೆಂದು ಗದರದೆ ಅವಳೊಂದಿಗೆ ಹುಡುಕೋಣ. ಅಲ್ಲಾಹನು ನಮ್ಮ ಮಕ್ಕಳಿಗೆ ಪ್ರಯೋಜನಕಾರಿ ಜ್ಞಾನವನ್ನೂ ದೃಢವಾದ ಈಮಾನನ್ನೂ ಕರುಣಿಸಲಿ. ಆಮೀನ್.