ಶ್ರಮೆ, ಪಾಡು, ನಂಬಿಕೆ: ಬೆಂಗಳೂರು ಪೇಟೆಯ ಕ್ರೈಸ್ತರ ಸಂಕಟದ ನುಡಿ

ಮಾಮೂಲ್‌ಪೇಟೆಯ ಸಗಟು ಅಂಗಡಿಗಳ ಗಲ್ಲಿಗಳನ್ನು ದಾಟಿ ಅವೆನ್ಯೂ ರಸ್ತೆಗೆ ಬಂದರೆ ರೈಸ್ ಸ್ಮಾರಕ ಚರ್ಚ್ ಸಿಗುತ್ತದೆ. ಲಂಡನ್ ಮಿಷನ್ನಿನ ಬೆಂಜಮಿನ್ ರೈಸ್ 1837ರಲ್ಲಿ ಬೆಂಗಳೂರಿಗೆ ಬಂದು, 1887ರಲ್ಲಿ ತೀರಿಕೊಳ್ಳುವವರೆಗೆ ಕನ್ನಡದ ಕೆಲಸದಲ್ಲೇ ತೊಡಗಿದ್ದವರು. ಶಾಸನತಜ್ಞ ಬಿ. ಎಲ್. ರೈಸ್ ಇವರ ಮಗ. ತಂದೆಯನ್ನು ನಾವು ಬಹುಮಟ್ಟಿಗೆ ಮರೆತಿದ್ದೇವೆ. ಆದರೆ ಕನ್ನಡ ಬೈಬಲ್ಲಿನ ಪರಿಷ್ಕರಣೆಯಲ್ಲಿ ಅವರಿಗೂ ಪಾಲಿತ್ತು. ಕಷ್ಟ ಬಂದಾಗ ದೇವರನ್ನು ಹೇಗೆ ನಂಬುವುದು ಎಂಬ ಪ್ರಶ್ನೆ ಈ ಪೇಟೆಯ ಕ್ರೈಸ್ತರಿಗೆ ಮೊದಲು ಎದುರಾದದ್ದು ಪದಗಳ ಆಯ್ಕೆಯಲ್ಲಿ ಎಂಬುದು ನನ್ನ ವಾದ.

ಬಳ್ಳಾರಿಯಲ್ಲಿ 1810ರಿಂದ ನೆಲೆಸಿದ್ದ ಜಾನ್ ಹ್ಯಾಂಡ್ಸ್ ಅವರ ಕನ್ನಡ ಬೈಬಲ್ 1831ರ ಹೊತ್ತಿಗೆ ಪೂರ್ಣಗೊಂಡಿತು. ಕನ್ನಡದಲ್ಲಿ ಸಂಕಟಕ್ಕೆ ಪದಗಳ ಕೊರತೆಯಿರಲಿಲ್ಲ. ಕರ್ಮ, ವಿಧಿ, ಹಣೆಬರಹ ಎಲ್ಲವೂ ಜನರ ಬಾಯಲ್ಲಿದ್ದವು. ಆದರೆ ಅವುಗಳಲ್ಲಿ ಕಷ್ಟದ ಕಾರಣವೂ ಅಡಗಿ ಕೂತಿತ್ತು: ಹಿಂದೆ ಮಾಡಿದ್ದನ್ನು ಈಗ ಉಣ್ಣುವುದು. ಬೈಬಲ್ಲಿನ ಯೋಬನ ಪುಸ್ತಕದ ಹೊಡೆತ ಬೀಳುವುದೇ ಈ ಲೆಕ್ಕಾಚಾರದ ಮೇಲೆ. ಅದರ 42 ಅಧ್ಯಾಯಗಳಲ್ಲಿ ತಾಳ್ಮೆಯ ಯೋಬ ಕಾಣುವುದು ಮೊದಲ ಎರಡರಲ್ಲಿ. ಮೂರನೆಯದರಲ್ಲಿ ಅವನು ತಾನು ಹುಟ್ಟಿದ ದಿನವನ್ನೇ ಶಪಿಸುತ್ತಾನೆ. ಸಾಂತ್ವನ ಹೇಳಲು ಬಂದ ಗೆಳೆಯರು ಇವನಲ್ಲಿ ತಪ್ಪು ಹುಡುಕುತ್ತಾರೆ. ಕೊನೆಗೆ ದೇವರು ಗದರುವುದು ಆ ಗೆಳೆಯರನ್ನು. ಸರಿಯಾಗಿ ಮಾತಾಡಿದವನು ಯೋಬನೇ ಎನ್ನುತ್ತಾನೆ. ನಂಬುವುದೆಂದರೆ ಬಾಯಿ ಮುಚ್ಚಿಕೊಂಡಿರುವುದು ಎಂದು ಬೋಧಿಸುವವರು ಈ ಕೊನೆಯನ್ನು ಓದದೆ ಬಿಟ್ಟಿರುತ್ತಾರೆ.

ಕನ್ನಡ ಕ್ರೈಸ್ತರು ಕೈಗೆತ್ತಿಕೊಂಡದ್ದು ದುಡಿಮೆಯ ಪದಗಳನ್ನು. ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಯೇಸುವಿನ ಶಿಲುವೆಯಾತನೆಗೆ 'ಶ್ರಮೆ' ಎನ್ನುತ್ತಾರೆ, ಕಥೋಲಿಕರು 'ಪಾಡು' ಎನ್ನುತ್ತಾರೆ. ಶ್ರಮ ಎಂದರೆ ಮೈಮುರಿದು ಮಾಡುವ ಕೆಲಸ. ಇನ್ನು ಪಾಡು ಎಂದರೆ 'ಪಡಬಾರದ ಪಾಡು ಪಟ್ಟೆ' ಎನ್ನುವಾಗ ನಮ್ಮ ಅಜ್ಜಿಯರು ಹೇಳುತ್ತಿದ್ದುದೇ. ಪೇಟೆಯಲ್ಲಿ ಮೂಟೆ ಹೊರುವವನಿಗೆ ಎರಡೂ ಪರಿಚಿತ. ಈ ಪದಗಳಲ್ಲಿ ಶಿಕ್ಷೆಯ ಸೋಂಕಿಲ್ಲ. ನಂಬಿಕೆಯ ವಿಷಯದಲ್ಲೂ ಹೀಗೆಯೇ ದಾರಿ ಕವಲೊಡೆಯಿತು: ಪ್ರೊಟೆಸ್ಟೆಂಟರಿಗೆ 'ನಂಬಿಕೆ', ಕಥೋಲಿಕರಿಗೆ ಹೆಚ್ಚಾಗಿ 'ವಿಶ್ವಾಸ'. 'ನಂಬು' ಎಂಬ ಕ್ರಿಯಾಪದಕ್ಕೆ ಶರಣರೂ ದಾಸರೂ ಆ ಮೊದಲೇ ತುಂಬಿಟ್ಟಿದ್ದ ಭಾರವಿತ್ತು. ಅನುವಾದಕರಿಗೆ ಅದು ತಾನಾಗಿ ಒದಗಿಬಂದ ಆಸ್ತಿ.

ಈ ನುಡಿಗೆ ಕಠಿಣ ಪರೀಕ್ಷೆ ಬಂದದ್ದು 1876–78ರ ಬರದಲ್ಲಿ. ಸತತವಾಗಿ ಮಳೆ ಕೈಕೊಟ್ಟಿತ್ತು. 1871ರ ಜನಗಣತಿಯಲ್ಲಿ 50,55,412 ಇದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 41,86,188ಕ್ಕೆ ಇಳಿದಿತ್ತು. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡುವಾಗಲೆಲ್ಲ ನನಗೆ ಮುಂದಿನ ಸಾಲು ಬರೆಯಲು ಕೈ ಏಳುವುದಿಲ್ಲ. ತಂದೆತಾಯಿ ಸತ್ತ ಮಕ್ಕಳನ್ನು ಮಿಷನ್ನುಗಳು ಅನಾಥಾಲಯಗಳಿಗೆ ಸೇರಿಸಿಕೊಂಡವು. ಅಲ್ಲಿ ಬೆಳೆದ ಅನೇಕರು ಕ್ರೈಸ್ತರಾದರು. ಹಸಿದ ಮಗುವಿನ ಒಪ್ಪಿಗೆಯನ್ನು ಒಪ್ಪಿಗೆ ಎನ್ನಬಹುದೇ? ಸಂಶೋಧಕರು ಈ ಪ್ರಶ್ನೆಯಿಂದ ನುಣುಚಿಕೊಳ್ಳಬಾರದು. ಅದೇ ಉಸಿರಿನಲ್ಲಿ ಇನ್ನೊಂದನ್ನೂ ಕೇಳಬೇಕು: ಊರಿಗೆ ಊರೇ ಬರಿದಾದಾಗ ಆ ಮಗುವಿಗೆ ಗಂಜಿ ಹಾಕಿದವರ ದೇವರ ಮೇಲೆ ಹುಟ್ಟಿದ ಭರವಸೆಯನ್ನು ಸುಳ್ಳೆನ್ನಲು ನಾವು ಯಾರು?

1898ರ ಆಗಸ್ಟ್‌ನಲ್ಲಿ ಪ್ಲೇಗ್ ಬಂತು. ಗಾಳಿಬೆಳಕಿಲ್ಲದ ಪೇಟೆಯ ಮನೆಗಳಲ್ಲಿ ಅದು ವೇಗವಾಗಿ ಹಬ್ಬಿತು. ಜನ ಮನೆ ತೊರೆದು ಬಯಲಿಗೆ ಹೋದರು. ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದದ್ದು ಈ ಭಯದ ಬೆನ್ನಿಗೇ. ಪ್ಲೇಗ್ ಮಾರಮ್ಮನಿಗೆ ಗುಡಿಗಳೂ ಎದ್ದವು. ಕ್ರೈಸ್ತರ ಕಡೆ ನೋಡಿದರೆ, ಗುಡ್ ಶೆಫರ್ಡ್ ಸಂನ್ಯಾಸಿನಿಯರು 1886ರಲ್ಲಿ ತೆರೆದ ಸಂತ ಮಾರ್ತಾ ಆಸ್ಪತ್ರೆ ಪೇಟೆಗೆ ದೂರವೇನಲ್ಲ. ನಂಬಿಕೆಯ ಚರಿತ್ರೆಯನ್ನು ಪ್ರವಚನಗಳಲ್ಲಿ ಹುಡುಕುವವರು ಇಂಥ ಆಸ್ಪತ್ರೆಗಳ ವಾರ್ಡುಗಳನ್ನೂ ಆಕರವೆಂದು ಎಣಿಸಬೇಕು ಎಂಬುದು ನನ್ನ ಆಗ್ರಹ.

ಇನ್ನೊಂದು ಸೂಕ್ಷ್ಮ ವ್ಯಾಕರಣದಲ್ಲಿದೆ. ಕಥೋಲಿಕರ ಇಂದಿನ ಕನ್ನಡ ಪ್ರಾರ್ಥನೆಯಲ್ಲಿ ದೇವರು 'ನೀವು', ಪ್ರೊಟೆಸ್ಟೆಂಟರಲ್ಲಿ 'ನೀನು'. ಬೈಬಲ್ಲಿನ 150 ಕೀರ್ತನೆಗಳಲ್ಲಿ ಸುಮಾರು ಮೂರನೆಯ ಒಂದು ಪಾಲು ಗೋಳಿನ ಹಾಡುಗಳು. ಅವನ್ನು ಏಕವಚನದಲ್ಲಿ ಓದಿದಾಗ, ವಚನಕಾರರು ತಮ್ಮ ದೇವರೊಡನೆ ಆಡಿದ ಜಗಳದ ಸಲುಗೆ ಕೇಳಿಸುತ್ತದೆ. ಶುಭ ಶುಕ್ರವಾರ ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಶಿಲುವೆಯ ಮೇಲೆ ಯೇಸು ಆಡಿದ ಏಳು ಮಾತುಗಳ ಧ್ಯಾನ ನಡೆಯುತ್ತದೆ. ನಾಲ್ಕನೆಯದು, ದೇವರು ಕೈಬಿಟ್ಟನೆಂಬ ಕೂಗು, 22ನೆಯ ಕೀರ್ತನೆಯ ಆರಂಭ. ಅಲ್ಲಿಯೂ ದೇವರನ್ನು ಕರೆಯುವುದು 'ನೀನು' ಎಂದೇ.