ಬ್ಯಾಂಕುಗಳ ಆಪತ್ತು ಚೇತರಿಕೆ: ದೂರದ ಕೇಂದ್ರದಿಂದ ಕ್ಲೌಡ್‌ವರೆಗೆ

ಬೆಂಕಿ, ಪ್ರವಾಹ, ಭೂಕಂಪ, ವಿದ್ಯುತ್ ವೈಫಲ್ಯ, ಸೈಬರ್ ದಾಳಿ ಅಥವಾ ಯುದ್ಧದಿಂದ ಬ್ಯಾಂಕಿನ ಗಣಕ ವ್ಯವಸ್ಥೆ ನಿಂತುಹೋದಾಗ, ಬೇರೊಂದು ಜಾಗದಿಂದ ಅದೇ ಲೆಕ್ಕವನ್ನು ಮುಂದುವರಿಸಲು ಮಾಡಿಟ್ಟುಕೊಳ್ಳುವ ಏರ್ಪಾಡೇ ಆಪತ್ತು ಚೇತರಿಕೆ. ಬ್ಯಾಂಕಿನವರು ಇದನ್ನು ಡಿಆರ್ ಎನ್ನುತ್ತಾರೆ. ಇದರ ಯೋಗ್ಯತೆಯನ್ನು ಎರಡು ಅಳತೆಗಳಲ್ಲಿ ನೋಡುತ್ತಾರೆ. ಕೆಲಸ ಮತ್ತೆ ಶುರುವಾಗಲು ಎಷ್ಟು ಹೊತ್ತು ಬೇಕು ಎಂಬುದು ಆರ್‌ಟಿಒ. ಎಷ್ಟು ಹೊತ್ತಿನ ವಹಿವಾಟಿನ ದಾಖಲೆ ಕಳೆದುಹೋದೀತು ಎಂಬುದು ಆರ್‌ಪಿಒ. ಗ್ರಾಹಕ ಕಟ್ಟಿದ ಹಣದ ವಿಷಯದಲ್ಲಿ ಎರಡನೆಯದು ಸೊನ್ನೆಗೆ ಹತ್ತಿರವಿರಲೇಬೇಕು. ಈ ಕ್ಷೇತ್ರದ ಇತಿಹಾಸವೆಲ್ಲ ಬಹುಮಟ್ಟಿಗೆ ಆ ಸೊನ್ನೆಗಾಗಿ ನಡೆದ ಪ್ರಯತ್ನ.

ಭಾರತದ ಬ್ಯಾಂಕುಗಳಲ್ಲಿ ಯಂತ್ರೀಕರಣಕ್ಕೆ ದಾರಿ ಹಾಕಿಕೊಟ್ಟಿದ್ದು ಸಿ. ರಂಗರಾಜನ್ ಅಧ್ಯಕ್ಷತೆಯ ಸಮಿತಿಗಳ 1984 ಮತ್ತು 1989ರ ವರದಿಗಳು. ಆಗ ಶಾಖೆಗೊಂದು ಲೆಡ್ಜರ್ ಪೋಸ್ಟಿಂಗ್ ಯಂತ್ರವಿತ್ತು, ಲೆಕ್ಕ ಆಯಾ ಶಾಖೆಯಲ್ಲೇ ಇರುತ್ತಿತ್ತು. ಒಂದು ಶಾಖೆಗೆ ನೀರು ನುಗ್ಗಿದರೆ ನಷ್ಟ ಆ ಶಾಖೆಗಷ್ಟೇ. ಕೋರ್ ಬ್ಯಾಂಕಿಂಗ್ ಬಂದ ಮೇಲೆ ಈ ಸ್ಥಿತಿ ಬದಲಾಯಿತು. ಬೆಂಗಳೂರಿನ ಇನ್ಫೋಸಿಸ್ ರೂಪಿಸಿದ ಫಿನಾಕಲ್ ತಂತ್ರಾಂಶವನ್ನು ಮಂಗಳೂರಿನ ಕರ್ನಾಟಕ ಬ್ಯಾಂಕ್ 2000ದಲ್ಲೇ ಅಳವಡಿಸಿಕೊಂಡಿತು. ಗ್ರಾಹಕ ಒಂದು ಶಾಖೆಯವನಾಗಿ ಉಳಿಯದೆ ಇಡೀ ಬ್ಯಾಂಕಿನವನಾದ. ಅದರ ಜೊತೆಗೇ ಎಲ್ಲ ಶಾಖೆಗಳ ಲೆಕ್ಕವೂ ಒಂದೇ ಕಟ್ಟಡಕ್ಕೆ ಬಂದು ಸೇರಿತು. ಆ ಕಟ್ಟಡದಲ್ಲಿ ಏನಾದರೂ ಆದರೆ ಬೀದರ್‌ನಿಂದ ಚಾಮರಾಜನಗರದವರೆಗೆ ಎಲ್ಲ ಕೌಂಟರುಗಳಲ್ಲೂ ‘ಸರ್ವರ್ ಡೌನ್’ ಎಂಬ ಒಂದೇ ಉತ್ತರ. ಎರಡನೆಯ ಕೇಂದ್ರ ಅನಿವಾರ್ಯವಾದದ್ದು ಹೀಗೆ.

ಆ ಎರಡನೆಯ ಕೇಂದ್ರ ಎಷ್ಟು ದೂರದಲ್ಲಿರಬೇಕು ಎಂಬ ಪ್ರಶ್ನೆ ಜಗತ್ತಿನ ಮುಂದೆ ಬಂದಿದ್ದು 2001ರ ಸೆಪ್ಟೆಂಬರ್ 11ರ ನಂತರ. ನ್ಯೂಯಾರ್ಕಿನ ವರ್ಲ್ಡ್ ಟ್ರೇಡ್ ಸೆಂಟರಿನ ಉತ್ತರ ಗೋಪುರದಲ್ಲಿದ್ದ ಕ್ಯಾಂಟರ್ ಫಿಟ್ಜೆರಾಲ್ಡ್ ಎಂಬ ಸಾಲಪತ್ರ ವ್ಯಾಪಾರ ಸಂಸ್ಥೆ ಅಂದು ತನ್ನ 658 ಮಂದಿಯನ್ನು ಕಳೆದುಕೊಂಡಿತು. ಅದರ ಗಣಕ ವ್ಯವಸ್ಥೆಯ ಪ್ರತಿರೂಪ ನ್ಯೂಜೆರ್ಸಿಯ ರೋಷೆಲ್ ಪಾರ್ಕ್‌ನಲ್ಲಿ ಇದ್ದುದರಿಂದ ಎರಡೇ ದಿನಗಳಲ್ಲಿ ಸಾಲಪತ್ರದ ವಹಿವಾಟು ಮತ್ತೆ ಶುರುವಾಯಿತು. ಅಮೆರಿಕದ ನಿಯಂತ್ರಕರು 2003ರ ಏಪ್ರಿಲ್‌ನಲ್ಲಿ ಹೊರಡಿಸಿದ ಜಂಟಿ ಪತ್ರದಲ್ಲಿ, ದೇಶದ ಪಾವತಿ ಮತ್ತು ತೀರುವಳಿ ವ್ಯವಸ್ಥೆಯ ತಿರುಳಿನಲ್ಲಿರುವ ಸಂಸ್ಥೆಗಳು ಎರಡು ಗಂಟೆಯೊಳಗೆ ಚೇತರಿಸಿಕೊಳ್ಳುವ ಗುರಿ ಇಟ್ಟುಕೊಳ್ಳಬೇಕೆಂದು ಹೇಳಿದರು. ಕರಡಿನ ಹಂತದಲ್ಲಿ ಎರಡು ಕೇಂದ್ರಗಳ ನಡುವೆ 200ರಿಂದ 300 ಮೈಲಿ ಅಂತರದ ಮಾತು ಬಂದಿತ್ತಾದರೂ ಕೊನೆಯ ಪತ್ರದಲ್ಲಿ ಅಂಥ ಕಡ್ಡಾಯ ಉಳಿಯಲಿಲ್ಲ.

ಅಂತರವನ್ನು ಕಡ್ಡಾಯ ಮಾಡಲಾಗದಿರುವುದಕ್ಕೆ ಭೌತವಿಜ್ಞಾನದ ಕಾರಣವೂ ಇದೆ. ಗಾಜಿನ ತಂತುವಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಒಂದು ದಾಖಲೆ 100 ಕಿ.ಮೀ. ದೂರದ ಕೇಂದ್ರಕ್ಕೆ ಹೋಗಿ, ‘ಬರೆದುಕೊಂಡೆ’ ಎಂಬ ಉತ್ತರ ಹಿಂದಿರುಗಲು ಕಡಿಮೆಯೆಂದರೂ ಒಂದು ಮಿಲಿಸೆಕೆಂಡ್ ಬೇಕು. ಸಾವಿರ ಕಿ.ಮೀ. ಆದರೆ ಹತ್ತು. ಪ್ರತಿ ವಹಿವಾಟೂ ಈ ಉತ್ತರಕ್ಕೆ ಕಾಯುತ್ತ ನಿಂತರೆ ಬ್ಯಾಂಕು ನಿಧಾನವಾಗುತ್ತದೆ; ಕಾಯದೆ ಮುಂದೆ ಹೋದರೆ ಅಪಘಾತದ ಗಳಿಗೆಯಲ್ಲಿ ಕೆಲವು ವಹಿವಾಟುಗಳು ದೂರದ ಪ್ರತಿಯಲ್ಲಿ ಸಿಗುವುದಿಲ್ಲ. ಹೀಗಾಗಿ ದೊಡ್ಡ ಬ್ಯಾಂಕುಗಳು ಮೂರು ಕಡೆ ಲೆಕ್ಕ ಇಡತೊಡಗಿದವು: ಮುಖ್ಯ ಕೇಂದ್ರ, ಪ್ರತಿ ದಾಖಲೆಯನ್ನೂ ಆಗಿಂದಾಗಲೇ ಬರೆದುಕೊಳ್ಳುವ ಹತ್ತಿರದ ಕೇಂದ್ರ, ಮತ್ತು ಅದೇ ಭೂಕಂಪವಾಗಲಿ ಮಳೆಯಾಗಲಿ ತಟ್ಟದಷ್ಟು ದೂರದ ಇನ್ನೊಂದು ಕೇಂದ್ರ. ಮುಖ್ಯ ಕೇಂದ್ರ ಮುಂಬೈನಲ್ಲಿದ್ದರೆ ಡಿಆರ್‌ಗೆ ಹೈದರಾಬಾದ್ ಅಥವಾ ಬೆಂಗಳೂರು ಒಗ್ಗುತ್ತವೆ. 2005ರ ಜುಲೈ 26ರಂದು ಮುಂಬೈಯಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಸುರಿದುದನ್ನು ನೆನೆದರೆ ಈ ಅಂತರ ಯಾಕೆಂದು ತಿಳಿಯುತ್ತದೆ.

ಕೇಂದ್ರ ಕಟ್ಟಿದ ಮಾತ್ರಕ್ಕೆ ಚೇತರಿಕೆ ಆಗುವುದಿಲ್ಲ ಎಂಬುದನ್ನು ಎರಡು ಘಟನೆಗಳು ತೋರಿಸಿದವು. 2020ರ ನವೆಂಬರ್ 21ರಂದು ಎಚ್‌ಡಿಎಫ್‌ಸಿ ಬ್ಯಾಂಕಿನ ಮುಖ್ಯ ಡೇಟಾ ಸೆಂಟರಿನಲ್ಲಿ ವಿದ್ಯುತ್ ಕೈಕೊಟ್ಟು ನೆಟ್ ಬ್ಯಾಂಕಿಂಗ್ ಮತ್ತು ಪಾವತಿ ಸೇವೆಗಳು ನಿಂತವು. ಹಿಂದಿನ ಎರಡು ವರ್ಷಗಳಲ್ಲೂ ಇಂಥ ವ್ಯತ್ಯಯಗಳಾಗಿದ್ದವು. ಡಿಸೆಂಬರ್ 2ರಂದು ರಿಸರ್ವ್ ಬ್ಯಾಂಕ್, ಹೊಸ ಡಿಜಿಟಲ್ ಯೋಜನೆಗಳನ್ನೂ ಹೊಸ ಕ್ರೆಡಿಟ್ ಕಾರ್ಡ್ ವಿತರಣೆಯನ್ನೂ ನಿಲ್ಲಿಸುವಂತೆ ಆದೇಶಿಸಿತು. ನಿರ್ಬಂಧ ಪೂರ್ತಿ ತೆರವಾದದ್ದು 2022ರ ಮಾರ್ಚ್‌ನಲ್ಲಿ. ಇನ್ನೊಂದು ಘಟನೆ ಬ್ಯಾಂಕಿನದಲ್ಲ, ರಾಷ್ಟ್ರೀಯ ಷೇರು ವಿನಿಮಯ ಕೇಂದ್ರದ್ದು. 2021ರ ಫೆಬ್ರುವರಿ 24ರಂದು ಅಲ್ಲಿ ಸುಮಾರು ನಾಲ್ಕು ಗಂಟೆ ವಹಿವಾಟು ನಿಂತಿತು. ಡಿಆರ್ ಕೇಂದ್ರ ಇದ್ದರೂ ಅದಕ್ಕೆ ಬದಲಾಯಿಸಲಿಲ್ಲ. ಬದಲಾಯಿಸುವ ನಿರ್ಧಾರ ಕೈಗೊಳ್ಳುವುದು ಯಂತ್ರದ ಕೆಲಸವಲ್ಲ. ರೂಢಿ ಇಲ್ಲದವರು ಅದನ್ನು ಮುಂದೂಡುತ್ತಲೇ ಇರುತ್ತಾರೆ. ಷೇರುಪೇಟೆಗಳು 2024ರ ಮಾರ್ಚ್ 2 ಮತ್ತು ಮೇ 18ರ ಶನಿವಾರಗಳಂದು ವಿಶೇಷ ವಹಿವಾಟು ನಡೆಸಿ, ಮುಖ್ಯ ಕೇಂದ್ರದಿಂದ ಡಿಆರ್ ಕೇಂದ್ರಕ್ಕೆ ನಿಜವಾಗಿಯೇ ಬದಲಾಯಿಸಿ ನೋಡಿದ್ದು ಈ ನಿಟ್ಟಿನಲ್ಲಿ ಒಳ್ಳೆಯ ಹೆಜ್ಜೆ. ರಿಸರ್ವ್ ಬ್ಯಾಂಕಿನ 2023ರ ನವೆಂಬರ್ 7ರ ನಿರ್ದೇಶನದ ಪ್ರಕಾರ, ಮುಖ್ಯ ವ್ಯವಸ್ಥೆಗಳಿಗೆ ಆರು ತಿಂಗಳಿಗೊಮ್ಮೆಯಾದರೂ ಡಿಆರ್ ಡ್ರಿಲ್ ಆಗಬೇಕು.

ಎರಡನೆಯ ಕೇಂದ್ರದ ದೊಡ್ಡ ತೊಂದರೆ ಖರ್ಚು. ವರ್ಷವಿಡೀ ಬಹುಪಾಲು ಸುಮ್ಮನಿರುವ ಸರ್ವರುಗಳಿಗೂ ಜಾಗ, ಕರೆಂಟು, ಎಸಿ, ಲೈಸೆನ್ಸು, ಕಾವಲು ಎಲ್ಲ ಬೇಕು. ಸರ್ವರುಗಳನ್ನು ಬೇಕಾದಾಗ ಬೇಕಾದಷ್ಟು ಅಂತರಜಾಲದ ಮೂಲಕ ಬಾಡಿಗೆಗೆ ಕೊಡುವ ಕ್ಲೌಡ್ ಬಂದು ಈ ಲೆಕ್ಕವನ್ನು ಬದಲಿಸಿತು. ದತ್ತಾಂಶದ ಪ್ರತಿ ಸದಾ ಹರಿದುಬರುತ್ತಿರುತ್ತದೆ, ಅದನ್ನು ಬರೆದುಕೊಳ್ಳುವ ಸಣ್ಣ ವ್ಯವಸ್ಥೆಯಷ್ಟೇ ಎಚ್ಚರವಿರುತ್ತದೆ. ಆಪತ್ತು ಬಂದಾಗ ಉಳಿದ ಸರ್ವರುಗಳನ್ನು ಎಬ್ಬಿಸಿ ಬಾಡಿಗೆ ಕೊಟ್ಟರಾಯಿತು. ಭಾರತದ ಮಟ್ಟಿಗೆ ಇದಕ್ಕೆ ನೆಲ ಸಿದ್ಧವಾದದ್ದು ಮೈಕ್ರೋಸಾಫ್ಟ್ 2015ರಲ್ಲಿ ಮತ್ತು ಅಮೆಜಾನ್ 2016ರಲ್ಲಿ ಇಲ್ಲಿಯೇ ಡೇಟಾ ಸೆಂಟರುಗಳನ್ನು ತೆರೆದಾಗ. ಪಾವತಿಯ ದತ್ತಾಂಶ ಭಾರತದಲ್ಲೇ ಇರಬೇಕೆಂದು 2018ರ ಏಪ್ರಿಲ್ 6ರಂದು ರಿಸರ್ವ್ ಬ್ಯಾಂಕ್ ಆದೇಶಿಸಿದ ಮೇಲೆ ಸ್ಥಳೀಯ ಕೇಂದ್ರಗಳ ಬೆಲೆ ಇನ್ನೂ ಹೆಚ್ಚಿತು. ಐಟಿ ಸೇವೆಗಳ ಹೊರಗುತ್ತಿಗೆ ಕುರಿತ 2023ರ ಏಪ್ರಿಲ್ 10ರ ನಿರ್ದೇಶನದಲ್ಲಿ ಕ್ಲೌಡ್‌ಗೆ ಪ್ರತ್ಯೇಕ ಅನುಬಂಧವೇ ಇದೆ. ಕೆಲಸವನ್ನು ಹೊರಗೆ ಕೊಡಬಹುದು, ಹೊಣೆಯನ್ನು ಕೊಡುವಂತಿಲ್ಲ ಎಂಬುದು ಅದರ ನಿಲುವು.

ಆದರೆ ಕ್ಲೌಡ್ ಏನು ಮಾಡಬಲ್ಲದು ಎಂಬುದರ ಅತ್ಯಂತ ಕಠಿಣ ಪರೀಕ್ಷೆ ನಡೆದದ್ದು ಉಕ್ರೇನಿನಲ್ಲಿ. ಅಲ್ಲಿನ ಅತಿ ದೊಡ್ಡ ಬ್ಯಾಂಕು ಪ್ರಿವಾಟ್‌ಬ್ಯಾಂಕ್. 1992ರಲ್ಲಿ ಶುರುವಾಗಿ 2016ರ ಡಿಸೆಂಬರ್‌ನಲ್ಲಿ ಸರ್ಕಾರದ ವಶಕ್ಕೆ ಬಂದ ಇದರಲ್ಲಿ ಕೋಟಿಗೂ ಮೀರಿದ ಜನರ ಖಾತೆಗಳಿವೆ. 2022ರ ಫೆಬ್ರುವರಿ 15ರಂದು ಅದರ ಆನ್‌ಲೈನ್ ಸೇವೆಗಳ ಮೇಲೆ ಸೈಬರ್ ದಾಳಿಯಾಯಿತು. ಒಂಬತ್ತು ದಿನಗಳ ನಂತರ ರಷ್ಯಾದ ಸೇನೆ ನುಗ್ಗಿತು. ಬ್ಯಾಂಕಿನ ಸರ್ವರುಗಳೆಲ್ಲ ದೇಶದೊಳಗೇ ಇದ್ದವು. ಕ್ಷಿಪಣಿಗಳು ಇಡೀ ದೇಶವನ್ನು ತಲುಪುತ್ತಿರುವಾಗ ಒಂದು ಊರಿಂದ ಇನ್ನೊಂದು ಊರಿಗೆ ಇರುವ ದೂರಕ್ಕೆ ಅರ್ಥವೇ ಉಳಿಯಲಿಲ್ಲ. ಮಾರ್ಚ್‌ನಲ್ಲಿ ಉಕ್ರೇನಿನ ಕೇಂದ್ರ ಬ್ಯಾಂಕು, ಹೊರದೇಶದ ಕ್ಲೌಡ್ ಬಳಸಲು ಬ್ಯಾಂಕುಗಳಿಗೆ ಅನುಮತಿ ನೀಡಿತು. ಪ್ರಿವಾಟ್‌ಬ್ಯಾಂಕ್ ಸುಮಾರು 3,500 ಸರ್ವರುಗಳಲ್ಲಿದ್ದ 270 ಅಪ್ಲಿಕೇಶನ್‌ಗಳನ್ನು, 4 ಪೆಟಾಬೈಟ್ ದತ್ತಾಂಶದ ಸಮೇತ, 45 ದಿನಗಳೊಳಗೆ ಕ್ಲೌಡ್‌ಗೆ ಸಾಗಿಸಿತು ಎಂದು ಸೇವೆ ಒದಗಿಸಿದ ಅಮೆಜಾನ್ ಪ್ರಕಟಿಸಿದೆ. ಶಾಂತಿಕಾಲದಲ್ಲಿ ವರ್ಷಗಟ್ಟಲೆ ಹಿಡಿಯುವ ಕೆಲಸವಿದು. ಊರು ಬಿಟ್ಟು ಪೋಲೆಂಡ್‌ಗೋ ಜರ್ಮನಿಗೋ ಓಡಿದ ತಾಯಂದಿರ ಕೈಯಲ್ಲಿ ಕಾರ್ಡು ಕೆಲಸ ಮಾಡುವುದಕ್ಕೂ ಮಾಡದಿರುವುದಕ್ಕೂ ಇರುವ ವ್ಯತ್ಯಾಸವನ್ನು ಪೆಟಾಬೈಟುಗಳಲ್ಲಿ ಅಳೆಯಲಾಗದು.

ಆ ವರ್ಷದ ಕೊನೆಗೆ ವಿದ್ಯುತ್ ಜಾಲದ ಮೇಲೆ ದಾಳಿಗಳಾಗಿ ಊರಿಗೆ ಊರೇ ಕತ್ತಲಾದಾಗ ಇನ್ನೊಂದು ಸಂಗತಿ ಎದುರಾಯಿತು. ಲೆಕ್ಕ ಹೊರದೇಶದಲ್ಲಿ ಸುರಕ್ಷಿತವಾಗಿದ್ದರೂ ಹಣ ಕೊಡುವ ಕೌಂಟರು ಊರಿನಲ್ಲೇ ಇರಬೇಕಲ್ಲ. ಜನರೇಟರು ಮತ್ತು ಬದಲಿ ಸಂಪರ್ಕವಿರುವ ಶಾಖೆಗಳನ್ನು ಎಲ್ಲ ಬ್ಯಾಂಕುಗಳಿಂದಲೂ ಒಟ್ಟುಗೂಡಿಸಿ, ‘ಪವರ್ ಬ್ಯಾಂಕಿಂಗ್’ ಎಂಬ ಜಾಲವನ್ನು ಅಲ್ಲಿನವರು ಕಟ್ಟಿದರು.

ಕ್ಲೌಡ್ ತನ್ನದೇ ಆಪತ್ತುಗಳನ್ನೂ ತಂದಿದೆ. 2024ರ ಮೇ ತಿಂಗಳಲ್ಲಿ ಆಸ್ಟ್ರೇಲಿಯಾದ ಯೂನಿಸೂಪರ್ ಎಂಬ ಪಿಂಚಣಿ ನಿಧಿಯ ಖಾಸಗಿ ಕ್ಲೌಡ್, ಗೂಗಲ್ ಕಡೆಯ ಸಂರಚನಾ ದೋಷದಿಂದ ಅಳಿಸಿಹೋಯಿತು. 6 ಲಕ್ಷಕ್ಕೂ ಹೆಚ್ಚು ಸದಸ್ಯರಿಗೆ ಒಂದು ವಾರಕ್ಕೂ ಮೀರಿ ಖಾತೆ ನೋಡಲಾಗಲಿಲ್ಲ. ಎರಡು ಬೇರೆ ಸ್ಥಳಗಳಲ್ಲಿ ಪ್ರತಿ ಇದ್ದರೂ ಎರಡೂ ಒಂದೇ ಗ್ರಾಹಕ ಖಾತೆಗೆ ಸೇರಿದ್ದರಿಂದ ಒಟ್ಟಿಗೇ ಹೋದವು. ಬೇರೊಂದು ಕಂಪನಿಯಲ್ಲಿ ಇಟ್ಟಿದ್ದ ಬ್ಯಾಕಪ್ ಆಗ ಆಸರೆಯಾಯಿತು. ಈಚಿನ ದಶಕದಲ್ಲಿ ದೂರವನ್ನು ಕಿಲೋಮೀಟರಿನಲ್ಲಿ ಮಾತ್ರವಲ್ಲ, ಒಡೆತನದಲ್ಲೂ ಅಳೆಯಬೇಕಾಗಿದೆ.

ಭಾರತದಲ್ಲಿ, ಒಂದೇ ಕಂಪನಿಯನ್ನು ನೆಚ್ಚಿಕೊಳ್ಳುವುದರ ಬಿಸಿ ತಟ್ಟಿದ್ದು ಸಣ್ಣ ಬ್ಯಾಂಕುಗಳಿಗೆ. ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳಿಗೆ ತಂತ್ರಾಂಶ ಸೇವೆ ಕೊಡುವ ಸಿ-ಎಡ್ಜ್ ಟೆಕ್ನಾಲಜೀಸ್ ಮೇಲೆ 2024ರ ಜುಲೈ ಕೊನೆಯಲ್ಲಿ ರ‍್ಯಾನ್ಸಮ್‌ವೇರ್ ದಾಳಿಯಾದಾಗ, ರಾಷ್ಟ್ರೀಯ ಪಾವತಿ ನಿಗಮ ಅದನ್ನು ತನ್ನ ಜಾಲದಿಂದ ಬೇರ್ಪಡಿಸಿತು. ಸುಮಾರು 300 ಬ್ಯಾಂಕುಗಳ ಗ್ರಾಹಕರಿಗೆ ಯುಪಿಐ ಮತ್ತು ಎಟಿಎಂ ಸೇವೆ ನಿಂತು, ಪರಿಶೀಲನೆ ಮುಗಿದ ಮೇಲೆ ಆಗಸ್ಟ್ 1ರಂದು ಮತ್ತೆ ಸಿಕ್ಕಿತು. ಸ್ವಂತ ಡೇಟಾ ಸೆಂಟರು ಕಟ್ಟುವ ಶಕ್ತಿ ಈ ಬ್ಯಾಂಕುಗಳಿಗಿಲ್ಲ. ಹಲವು ಬ್ಯಾಂಕುಗಳು ಒಂದೇ ಕಡೆ ಆಶ್ರಯಿಸುವುದು ಅವುಗಳ ಅನಿವಾರ್ಯತೆ. ಆದ್ದರಿಂದ ಅವುಗಳ ಪಾಲಿಗೆ ಆ ಒಂದು ಕಡೆಯ ಭದ್ರತೆ ದೊಡ್ಡ ಬ್ಯಾಂಕಿನದಕ್ಕಿಂತ ಬಿಗಿಯಾಗಿರಬೇಕು. ಹಣಕಾಸು ವಲಯಕ್ಕೆಂದೇ ಒಂದು ಕ್ಲೌಡ್ ಸೌಲಭ್ಯ ಸ್ಥಾಪಿಸುವುದಾಗಿ ರಿಸರ್ವ್ ಬ್ಯಾಂಕ್ 2023ರ ಡಿಸೆಂಬರ್ 8ರಂದು ಪ್ರಕಟಿಸಿತು. ಆರಂಭದಲ್ಲಿ ಅದನ್ನು ನಡೆಸುವ ಹೊಣೆ ರಿಸರ್ವ್ ಬ್ಯಾಂಕಿನದೇ ಅಂಗಸಂಸ್ಥೆಯಾದ ಐಎಫ್‌ಟಿಎಎಸ್‌ನದು.